ಹಿತ್ತಲಿಗೆ ಇದ್ದಲಿನ ಸ್ಮೋಕರ್: 37, 47, 57 ಸೆಂ.ಮೀ. ಪೈಕಿ ಯಾವ ಅಳತೆ ಸರಿ?

ಕೌಲ್‌ಬಜಾರ್ ಹಿತ್ತಲು (ಬಳ್ಳಾರಿ)
ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮಗಳ ಮನೆಗೆ ಅಂತ ಟೆಕ್ಸಾಸ್‌ಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಶನಿವಾರ ಬಂತಂದ್ರೆ ಅಳಿಯ ಹಿತ್ತಲಲ್ಲಿ ಇದ್ದಲಿನ ಸ್ಮೋಕರ್, ಅಂದ್ರೆ ಹೊಗೆಯಲ್ಲಿ ನಿಧಾನಕ್ಕೆ ಮಾಂಸ ಬೇಯಿಸೋ ಡಬ್ಬಿ, ಹಚ್ಚೋನು. ಬೆಳಿಗ್ಗೆ ಆರಕ್ಕೆ ಮಾಂಸ ಒಳಗೆ ಹೋದ್ರೆ ಮಧ್ಯಾಹ್ನ ಎರಡಕ್ಕೆ ಹೊರಗೆ. ಮೊದಲನೇ ದಿನ ಆ ಹೊಗೆ ಮೂಗಿಗೆ ಬಡಿದಾಗ ನಮ್ಮಜ್ಜಿಯ ಒಲೆ ಮುಂದೆ ಕೂತಂಗಾಯ್ತು. ಯಾವ ಕಟ್ಟಿಗೆಯಪ್ಪ ಇದು ಅಂತ ಕೇಳಿದೆ. ಮೆಸ್ಕೀಟ್ ಅಂದ. ತುಂಡು ಕೈಗೆ ತಗೊಂಡು ನೋಡಿದ್ರೆ ನಮ್ಮ ಬಳ್ಳಾರಿ ಜಾಲಿ ಕಂಡಂಗೇ ಇತ್ತು.

ಊರಿಗೆ ಬಂದ ಮೇಲೂ ಅದು ತಲೆಯಿಂದ ಹೋಗಿಲ್ಲ. ನಮ್ಮ ಹಿತ್ತಲು ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಒಂದು ಕಡೆ ಬೇವಿನ ಮರ, ಇನ್ನೊಂದು ಕಡೆ ಪಕ್ಕದ ಮನೆ ಗೋಡೆ. ಮನೇಲಿ ಆರು ಜನ. ವರ್ಷಕ್ಕೆ ಎರಡು ಮೂರು ಸಲ ಅಣ್ಣತಮ್ಮಂದಿರು, ಬೀಗರು ಎಲ್ಲ ಸೇರಿದಾಗ ಇಪ್ಪತ್ತೈದು ಎಲೆ ಬೀಳುತ್ತೆ.

ಅಳಿಯನ ಹತ್ರ ಇರೋದು ವೆಬರ್ ಕಂಪನಿಯ ಸ್ಮೋಕಿ ಮೌಂಟನ್. ನೆಟ್ಟಗೆ ನಿಲ್ಲೋ ಉರುಟು ಡಬ್ಬಿ, ಕೆಳಗೆ ಇದ್ದಲು, ನಡುವೆ ನೀರಿನ ಬೋಗುಣಿ, ಮೇಲೆ ಎರಡು ಗ್ರಿಲ್. ಮೂರು ಅಳತೆಯಲ್ಲಿ ಬರುತ್ತೆ, ಅಗಲ 37, 47, 57 ಸೆಂ.ಮೀ.; ಅವರ ಲೆಕ್ಕದಲ್ಲಿ 14, 18, 22 ಇಂಚು. "57 ತಗೊಳ್ಳಿ ಮಾವಾ, ದೊಡ್ಡದಿದ್ರೆ ಯಾವತ್ತಿದ್ರೂ ಉಪಯೋಗಕ್ಕೆ ಬರುತ್ತೆ" ಅಂತಾನೆ ಅಳಿಯ. ಆರು ಜನಕ್ಕೆ ಅಷ್ಟು ದೊಡ್ಡ ಹಂಡೆ ಯಾಕೆ ಅಂತ ಮನೆಯವಳು. ಇಲ್ಲೇ ಬ್ಯಾರಲ್ ತಂದು ವೆಲ್ಡಿಂಗ್ ಅಂಗಡೀಲಿ ಮಾಡಿಸೋಣ ಅಂತ ತಮ್ಮ. ನಿಮ್ಮಲ್ಲಿ ಇಟ್ಕೊಂಡೋರು ಇದ್ರೆ ದಯವಿಟ್ಟು ಅಳತೆ ವಿಚಾರ ಹೇಳಿ.

ಶಕ್ತಿನಗರ ಕೆಂಡ (ರಾಯಚೂರು)
ಭಾನುವಾರ, ರಾತ್ರಿ 10.25

ಸರ್, ನಾ ಆರು ವರ್ಷದಿಂದ 47ರದು ಇಟ್ಕೊಂಡೀನಿ. ಮೊದಲ ಒಂದು ಲೆಕ್ಕ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಇಲ್ಲೇ ಮೋಸ ಹೋಗ್ತಾರ.

47ಕ್ಕೂ 57ಕ್ಕೂ ಹತ್ತೇ ಸೆಂಟಿಮೀಟರ್ ಫರಕ್ ಅದ ಅಂತ ಕಾಣ್ತದ. ಆದ್ರ ಗ್ರಿಲ್ ದುಂಡಗದ. ಅಗಲ ಸ್ವಲ್ಪ ಬೆಳೆದ್ರೂ ಜಾಗ ಭಾಳ ಬೆಳೀತದ. 37ರ ವರ್ತುಲದಾಗ ಸುಮಾರು 1,075 ಚದರ ಸೆಂ.ಮೀ. ಜಾಗ ಅದ, 47ರಾಗ 1,735, 57ರಾಗ 2,550. ಅಂದ್ರ 57 ಅನ್ನೋದು 47ರ ಹತ್ತಿರ ಹತ್ತಿರ ಒಂದೂವರಿ ಪಟ್ಟು. 37ರ ಎರಡು ಪಟ್ಟಿಗಿಂತ ಜಾಸ್ತಿ. ಗ್ರಿಲ್ ಒಳಗ ಕೂಡಬೇಕಲ್ಲ, ಅದಕ್ಕ ಖರೇ ಜಾಗ ಇದಕ್ಕಿಂತ ಸ್ವಲ್ಪ ಕಡಿಮಿ ಇರ್ತದ. ಆದ್ರ ಪ್ರಮಾಣ ಇದೇ.

ಒಂದೂವರಿ ಪಟ್ಟು ಜಾಗ ಅಂದ್ರ ಖುಷಿ ಆಗ್ತದ. ಆದ್ರ ಆ ಡಬ್ಬಿ ಬಿಸಿ ಇಡಬೇಕಂದ್ರ ಬೆಂಕಿನೂ ಅಷ್ಟೇ ಬೇಕು. ಒಳಗ ಒಂದು ಕೋಳಿ ಇರಲಿ, ಆರು ಕೋಳಿ ಇರಲಿ, ತಗಡಿಗೆ ಕಾವು ಕೊಡಲೇಬೇಕು. ನಾ ತಕ್ಕಡಿ ಇಟ್ಟು ತೂಗಿ ಬರೆದಿಟ್ಟೀನಿ: 47ರಾಗ 110ರಿಂದ 120 ಡಿಗ್ರಿ ಸೆಲ್ಸಿಯಸ್ ಹಿಡಿದ್ರ ತಾಸಿಗೆ 350 ಗ್ರಾಂ ಸುತ್ತಮುತ್ತ ಇದ್ದಲಿ ಹೋಗ್ತದ. ನಮ್ಮ ಮೈದುನನ ಬ್ಯಾರಲ್ 57 ಅಗಲ ಅದ, ಅದೇ ಕಾವಿಗೆ ಅರ್ಧ ಕೇಜಿ ದಾಟ್ತದ.

ಇಪ್ಪತ್ತೈದು ಮಂದಿ ವರ್ಷಕ್ಕ ಮೂರು ಸಲ ಬರ್ತಾರ ಅಂದ್ರಿ. ಉಳಿದ ನಲವತ್ತು ಐವತ್ತು ಭಾನುವಾರ ಎಷ್ಟು ಮಂದಿ ಉಣ್ತೀರಿ? ಆರು. ನಿಮ್ಮ ಸ್ಮೋಕರಿನ ಅಳತಿ ಆ ಆರು ಮಂದಿ ಹೇಳ್ಬೇಕು.

ಸಂಡೂರು ಬೆಟ್ಟ
ಭಾನುವಾರ, ರಾತ್ರಿ 10.40

ನನ್ನ ಮಾತು ಬೇರೆ. 57 ತಗೊಳ್ಳಿ. ದೊಡ್ಡದ್ರಲ್ಲಿ ಸ್ವಲ್ಪ ಬೇಯಿಸಬಹುದು, ಚಿಕ್ಕದ್ರಲ್ಲಿ ಹೆಚ್ಚು ಬೇಯಿಸೋಕಾಗಲ್ಲ. ನೆಂಟರು ಬಂದಾಗ ಜಾಗ ಸಾಲಲಿಲ್ಲ ಅಂದ್ರೆ ಅವತ್ತು ಮನೆ ಮರ್ಯಾದೆ ಪ್ರಶ್ನೆ.

ಗಂಗಾವತಿ ಗದ್ದಿಬಯಲು (ಕೊಪ್ಪಳ)
ಸೋಮವಾರ, ಬೆಳಿಗ್ಗೆ 7.05

ದೊಡ್ಡದು ಮಾಡಿಸಿ ಕೈ ಸುಟ್ಕೊಂಡವ ನಾನು. ಅದಕ್ಕ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೂರು ವರ್ಷದ ಹಿಂದ ವಿಡಿಯೋ ನೋಡಿ ಆಫ್‌ಸೆಟ್ ಸ್ಮೋಕರ್ ಮಾಡಿಸಿದ್ನಿ. ಅಡ್ಡ ಮಲಗಿಸಿದ ಕೊಳವಿ, ಐವತ್ತು ಸೆಂ.ಮೀ. ಅಗಲ, ನಾಲ್ಕಡಿ ಉದ್ದ, ಒಂದು ತುದಿಗೆ ಬೆಂಕಿ ಪೆಟ್ಟಿಗಿ. ಮಾಡಿಕೊಟ್ಟವ್ರು ಇದ್ದಲಿ ಹಾಕಿದ್ರ ಸಾಕು ಅಂದ್ರು. ಮಗಳ ನಿಶ್ಚಿತಾರ್ಥದ ಮರುದಿನ ಬೀಗರಿಗೆ ಅಂತ ನಾಲ್ಕು ಕೋಳಿ ಇಟ್ವಿ. ಬೆಂಕಿ ಕಡೆ ತುದಿ ಸುಟ್ಟು ಕರ್ರಗಾತು, ಆ ಕಡೆ ತುದಿಯಾಗಿನ ಕೋಳಿ ಎಲುಬಿನ ಹತ್ತಿರ ಇನ್ನೂ ಕೆಂಪಗ. ನಾಲ್ಕು ಕೋಳಿಗೆ ಒಂಬತ್ತು ಕೇಜಿ ಇದ್ದಲಿ ಹೋತು. ಬೀಗರ ಮುಂದ ಬಡಿಸಾಕ ಆಗಲಿಲ್ಲ, ತವದ ಮ್ಯಾಲ ಮತ್ತ ಬೇಯಿಸಿ ಕೊಟ್ವಿ. ಆ ದಿನದ ಸಂಕಟ ಇನ್ನೂ ಮರ್ತಿಲ್ಲ.

ಆಮ್ಯಾಲ ತಿಳೀತು. ಆಫ್‌ಸೆಟ್ ಅನ್ನೋದು ಇದ್ದಲಿಗೆ ಮಾಡಿದ್ದಲ್ಲ. ಅದು ಸೀಳಿದ ಕಟ್ಟಿಗಿ ಉರಿಸೋ ಯಂತ್ರ, ಉರಿ ಜೀವಂತ ಇರಬೇಕು, ಮುಕ್ಕಾಲು ತಾಸಿಗೊಮ್ಮಿ ತುಂಡು ಹಾಕ್ಕೋತ ಕೂಡಬೇಕು. ದಿನವಿಡೀ ಅದರ ಮುಂದ ಕೂಡವ್ರಿಗೆ ಅದು ಚಂದ. ಇದ್ದಲಿ ಹಾಕಿ ನಾಲ್ಕು ತಾಸು ಬ್ಯಾರೆ ಕೆಲಸ ಮಾಡ್ಬೇಕಂದ್ರ ನೆಟ್ಟಗೆ ನಿಲ್ಲೋದೇ ಬೇಕು, ಯಾಕಂದ್ರ ಕಾವು ತಾನೇ ಮ್ಯಾಲ ಏರ್ತೈತಿ, ಮಾಂಸ ಅದರ ದಾರ್ಯಾಗ ಇರ್ತೈತಿ. ಅಳತಿ ಕೇಳೋಕಿಂತ ಮೊದಲ ಆಕಾರ ಸರಿ ಐತೇನು ಅಂತ ನೋಡ್ಕೊಳ್ರಿ.

ಕುಷ್ಟಗಿ ಕುರಿಮನಿ (ಕೊಪ್ಪಳ)
ಸೋಮವಾರ, ಬೆಳಿಗ್ಗೆ 8.30

ನಮ್ದು ಮೂರು ತಲಿಮಾರಿನಿಂದ ಕುರಿ ಸಾಕೋ ಮನಿ. ಸ್ಮೋಕರ್ ಬಗ್ಗೆ ನೀವೆಲ್ಲ ತಿಳಿದವ್ರು, ಮಾಂಸದ ಅಳತಿ ನಾ ಹೇಳ್ತೀನಿ.

ಅಮೆರಿಕದವ್ರು ಲೆಕ್ಕ ಹಾಕೋದು ದನದ ಎದಿ ಮಾಂಸಕ್ಕ, ಹಂದಿ ಭುಜಕ್ಕ. ಐದಾರು ಕೇಜಿ ತುಂಡು ಅವು. ನಮ್ಮ ಹಿತ್ತಲದಾಗ ಬೀಳೋದು ಕುರಿ ಮತ್ತ ಕೋಳಿ. ನಮ್ಮ ಕಡಿ ಕೆಂಗುರಿ, ನಿಮ್ಮ ಕಡಿ ಬಳ್ಳಾರಿ ಕುರಿ. ಹನ್ನೆರಡರಿಂದ ಹದಿನಾಲ್ಕು ಕೇಜಿ ಮಾಂಸ ಬೀಳೋ ಕುರಿ ತಗೊಂಡ್ರ ಒಂದು ರಾನ್, ಅಂದ್ರ ಇಡೀ ಹಿಂಗಾಲು, ಎರಡು ಕೇಜಿ ಸುಮಾರು ಬರ್ತೈತಿ, ಮುಂಗಾಲು ಭುಜ ಸಮೇತ ಒಂದು ಕೇಜಿ ಮುನ್ನೂರು, ನಾನೂರು.

ಈಗ ಟೇಪು ಹಿಡ್ಕೊಳ್ರಿ. ರಾನ್ ಮೊಣಕಾಲು ಎಲುಬು ಬಿಡದಂಗ ಅಳದ್ರ 38ರಿಂದ 42 ಸೆಂ.ಮೀ. ಉದ್ದ. 37ರ ಡಬ್ಬಿಯಾಗ ಅದು ಕೂಡಂಗಿಲ್ಲ, ಎಲುಬು ಕಡೀಬೇಕು. 47ರಾಗ ಎರಡು ರಾನ್ ತಲಿಬಾಲ ತಿರುವಿ ಇಟ್ರ ಕೂಡ್ತಾವ ಅನ್ನೋದು ನನ್ನ ಅಂದಾಜು. ಮುಂಗಾಲು ಮೂವತ್ತು ಸೆಂ.ಮೀ., ಅದಕ್ಕೇನೂ ತ್ರಾಸಿಲ್ಲ. ತುಂಗಭದ್ರಾ ಡ್ಯಾಮಿನ ಕಾಟ್ಲಾ ಮೀನು ಇಡೀ ಸುಡೋ ಆಸೆ ಇದ್ರ ಮಾತು ಬ್ಯಾರೆ, ಮೂರು ಕೇಜಿ ಮೀನು 47 ದಾಟ್ತೈತಿ, ಎರಡು ಮಾಡ್ಬೇಕು.

ಕಸಾಯಿ ಅಂಗಡ್ಯಾಗ ಮೊದಲೇ ಹೇಳ್ರಿ, ಇಲ್ಲಾಂದ್ರ ಕೈ ಅಭ್ಯಾಸದ ಮ್ಯಾಲ ಸಾರಿನ ತುಂಡು ಮಾಡಿ ಬಿಡ್ತಾರ. ಇಡೀ ಬೇಕು, ಮ್ಯಾಲಿನ ಕೊಬ್ಬು ತೆಗೀಬ್ಯಾಡ್ರಿ ಅನ್ರಿ. ಹೊಟ್ಟಿ ಮ್ಯಾಲಿನ ಕೊಬ್ಬಿನ ಪರದಿ ಕೇಳಿ ಇಸ್ಕೊಂಡು ರಾನ್ ಮ್ಯಾಲ ಹೊಚ್ರಿ. ನಮ್ಮ ಕುರಿ ಬಯಲಾಗ ನಡೆದು ಮೇದ ಕುರಿ, ರಾನಿನಾಗ ಕೊಬ್ಬು ಕಡಿಮಿ, ಆರು ತಾಸಿನ ಕಾವಿಗೆ ಒಣಗ್ತೈತಿ. ಹೊಸಬರು ಮುಂಗಾಲಿನಿಂದ ಶುರು ಮಾಡೋದು ಚಲೋ. ಕೋಳಿ ಅಂಗಡ್ಯಾಗೂ ಇದೇ ಮಾತು, ಚರ್ಮ ಸುಲಿದ ಕೋಳಿ ಹೊಗೀಗೆ ಇಟ್ರ ನಾರಾಗ್ತೈತಿ.

ಕೌಲ್‌ಬಜಾರ್ ಹಿತ್ತಲು (ಬಳ್ಳಾರಿ)
ಸೋಮವಾರ, ಮಧ್ಯಾಹ್ನ 1.15

ಎಲ್ಲರಿಗೂ ಕೈ ಮುಗಿದೆ. ಗಂಗಾವತಿ ಅಣ್ಣನ ಕಥೆ ಓದಿ ನನ್ನ ಹೊಟ್ಟೆಯಲ್ಲೇ ಸಂಕಟ ಆಯ್ತು. ಬೀಗರ ಮುಂದೆ ಹಂಗಾಗೋದು ಯಾರಿಗೂ ಬೇಡ.

ಕುಷ್ಟಗಿಯವರ ಮಾತಿನಿಂದ 37 ಬಿಟ್ಟೇಬಿಟ್ಟೆ. ಉಳಿದದ್ದು 47, 57. ಎರಡು ಪ್ರಶ್ನೆ. ಒಂದು, ತಲೆಗೆ ಎಷ್ಟು ಮಾಂಸ ಲೆಕ್ಕ ಹಾಕಬೇಕು? ಇನ್ನೊಂದು, ವಿದೇಶದ್ದು ತರಿಸೋಕೆ ಸಾಗಾಣಿಕೆ ಸೇರಿ ತುಂಬಾ ದುಬಾರಿ ಬೀಳುತ್ತೆ. ಇಲ್ಲೇ ಮಾಡಿಸೋದಾದ್ರೆ 200 ಲೀಟರ್ ಬ್ಯಾರಲ್ ಬಿಟ್ರೆ ಬೇರೆ ದಾರಿ ಇಲ್ವಾ? ಬ್ಯಾರಲ್ ಅಂದ್ರೆ 57 ತಾನೇ?

ತೋರಣಗಲ್ಲು ವೆಲ್ಡಿಂಗ್
ಸೋಮವಾರ, ರಾತ್ರಿ 8.50

ಹೌದು ಸರ್, 200 ಲೀಟರ್ ಬ್ಯಾರಲ್ ಒಳ ಅಗಲ 57 ಸೆಂ.ಮೀ., ಎತ್ತರ 88. ಅಮೆರಿಕದಲ್ಲೂ ಹಿತ್ತಲಿನ ಜನ ಇದೇ ಬ್ಯಾರಲ್ಲಲ್ಲಿ ಮಾಡ್ಕೊಳ್ತಾರೆ, ಅವರು ಅದನ್ನ 55 ಗ್ಯಾಲನ್ ಅಂತಾರೆ. ಬ್ಯಾರಲ್ ತಗೊಳ್ಳೋ ಮುಂಚೆ ಅದ್ರಲ್ಲಿ ಏನಿತ್ತು ಅಂತ ತಿಳ್ಕೊಳ್ಳಿ. ಅಡುಗೆ ಎಣ್ಣೆ, ಹಣ್ಣಿನ ರಸ ಇದ್ದಿದ್ದಾದ್ರೆ ಆಗುತ್ತೆ. ರಾಸಾಯನಿಕ, ಔಷಧಿ, ಸುಟ್ಟ ಎಂಜಿನ್ ಆಯಿಲ್ ಇದ್ದ ಬ್ಯಾರಲ್ ಎಷ್ಟು ತೊಳೆದರೂ ಬೇಡ. ಒಳ್ಳೇ ಬ್ಯಾರಲ್ಲಿಗೂ ಒಳಗೆ ಬಣ್ಣದ ಲೇಪ ಇರುತ್ತೆ. ಬಯಲಲ್ಲಿ ಇಟ್ಟು ಕಟ್ಟಿಗೆ ತುಂಬಿ ಜೋರು ಬೆಂಕಿ ಹಾಕಿ, ಲೇಪ ಪೂರ್ತಿ ಸುಟ್ಟು ಬರೀ ಕಬ್ಬಿಣ ಉಳಿಯೋ ತನಕ. ಆಮೇಲೆ ತಂತಿ ಬ್ರಶ್ ಹೊಡೆದು, ಎಣ್ಣೆ ಸವರಿ, ಖಾಲಿ ಡಬ್ಬಿ ಎರಡು ಮೂರು ಗಂಟೆ ಕಾಯಿಸಬೇಕು.

ಎರಡು ವಸ್ತು ಮುಟ್ಟಬೇಡಿ. ಒಂದು ಜಿಐ ಶೀಟು. ಅದರ ಮೇಲಿನ ಸತು ಬೆಂಕಿ ಹತ್ತಿರ ಕಾದು ಹೊಗೆ ಬಿಡುತ್ತೆ, ಅದನ್ನ ಉಸಿರಾಡಿ ಚಳಿ ಜ್ವರ ಬಂದ ವೆಲ್ಡರುಗಳನ್ನ ನಾನೇ ಕಂಡಿದೀನಿ. ಗ್ರಿಲ್ಲಿಗೂ ಜಿಐ ಮೆಶ್ ಬೇಡ, ಸ್ಟೀಲ್ ರಾಡು ಹಾಕಿಸಿ. ಇನ್ನೊಂದು ಗ್ಯಾಸ್ ಸಿಲಿಂಡರ್. ಖಾಲಿ ಅಂತ ಕಾಣೋ ಸಿಲಿಂಡರಲ್ಲೂ ಗ್ಯಾಸ್ ಉಳಿದಿರುತ್ತೆ, ಕತ್ತರಿಸುವಾಗ ಕಿಡಿ ಬಿದ್ರೆ ಜೀವ ಹೋಗುತ್ತೆ. ಮನೆ ಸಿಲಿಂಡರ್ ಅಂತೂ ಕಂಪನಿ ಆಸ್ತಿ, ನಮ್ಮದಲ್ಲ.

ಈಗ 47ರ ದಾರಿ. 18 ಇಂಚಿನ ಪೈಪ್ ತುಂಡು ಸಿಕ್ಕರೆ ಮಾಡಿಸೋಣ ಅಂತ ಕೆಲವರು ಬರ್ತಾರೆ. 6 ಮಿ.ಮೀ. ದಪ್ಪದ ಪೈಪ್ 90 ಸೆಂ.ಮೀ. ಎತ್ತರಕ್ಕೇ ಅರವತ್ತು ಕೇಜಿ ತೂಗುತ್ತೆ. ಹಿತ್ತಲಲ್ಲಿ ಒಬ್ಬರೇ ಸರಿಸೋಕಾಗಲ್ಲ, ಕಾಯೋದಕ್ಕೇ ಇದ್ದಲು ಸುಮ್ಮನೆ ಹೋಗುತ್ತೆ. 2 ಮಿ.ಮೀ. ಎಂ.ಎಸ್. ಶೀಟು (ಸತು ಲೇಪ ಇಲ್ಲದ ಮಾಮೂಲಿ ಉಕ್ಕಿನ ತಗಡು) ತಗೊಂಡು ರೋಲ್ ಮಾಡಿಸಿ. 148 ಸೆಂ.ಮೀ. ಉದ್ದ, 90 ಎತ್ತರ ಕತ್ತರಿಸಿದ್ರೆ ಸುತ್ತಿದಾಗ 47 ಅಗಲದ ಡಬ್ಬಿ. ತೂಕ ಇಪ್ಪತ್ತೊಂದು ಕೇಜಿ ಬರುತ್ತೆ. ಇಬ್ಬರು ಹಿಡಿದು ಮಹಡಿಗೂ ಒಯ್ಯಬಹುದು.

ಕೆಳಗೆ ಗಾಳಿಗೆ ಮುಕ್ಕಾಲು ಇಂಚಿನ ಮೂರು ನಿಪ್ಪಲ್, ಅಂದ್ರೆ ಗಿಡ್ಡ ಪೈಪ್ ತುಂಡು. ಒಂದಕ್ಕೆ ಬಾಲ್ ವಾಲ್ವ್, ಎರಡಕ್ಕೆ ಕ್ಯಾಪ್. ಮುಚ್ಚಳದಲ್ಲಿ ಎರಡು ಇಂಚಿನ ಹೊಗೆ ಕೊಳವೆ ಒಂದು. ಮೇಲಿನ ದಾರಿ ಕೆಳಗಿನ ದಾರಿಗಿಂತ ದೊಡ್ಡದಿರಬೇಕು, ಅದನ್ನ ಯಾವಾಗಲೂ ತೆರೆದೇ ಇಡಿ, ಕಾವು ಏರಿಸೋದು ಇಳಿಸೋದು ಕೆಳಗಿನಿಂದ. ಬಾಗಿಲು, ಮುಚ್ಚಳ ಸಂದಿಯಿಲ್ಲದೆ ಕೂರಬೇಕು. ಬೆಳಕು ತೂರೋ ಸಂದಿಯಲ್ಲಿ ಗಾಳಿನೂ ತೂರುತ್ತೆ, ಆಗ ಬೆಂಕಿ ನಿಮ್ಮ ಮಾತು ಕೇಳಲ್ಲ.

ಸಿಂಧನೂರು ಅಡಿಗಿಮನಿ (ರಾಯಚೂರು)
ಮಂಗಳವಾರ, ಬೆಳಿಗ್ಗೆ 11.20

ಅಣ್ಣಾವ್ರೆ, ನಾನು ಹೆಣ್ಣುಮಗಳು, ಊಟ ಬಡಿಸೋ ಕಡೆಯಿಂದ ಲೆಕ್ಕ ಹೇಳ್ತೀನಿ.

ಎಲುಬು ಸಮೇತ ಹಸಿ ಮಾಂಸ ತಲೆಗೆ 400 ಗ್ರಾಂ ಹಿಡೀರಿ. ಇಷ್ಟು ಹೊತ್ತು ಕಾವಿನಾಗ ಇಟ್ರ ಮೂರರಾಗ ಒಂದು ಪಾಲು ಕರಗಿ ಹೋಗ್ತದ. ಆರು ಮಂದಿಗೆ ಎರಡೂವರಿ ಕೇಜಿ, ಅಂದ್ರ ಒಂದು ಮುಂಗಾಲು, ಒಂದು ಕೋಳಿ. ಇಪ್ಪತ್ತೈದು ಮಂದಿಗೆ ಹತ್ತು ಕೇಜಿ. ಎರಡು ರಾನ್, ಎರಡು ಮುಂಗಾಲು, ಮೂರು ಕೋಳಿ ತಂದ್ರ ಸರಿಹೋಗ್ತದ.

ಹತ್ತು ಕೇಜಿ ಅಂದ ಕೂಡ್ಲೆ ಎಲ್ಲಾರೂ 57 ಅಂತಾರ. ಎಲ್ಲಾ ಒಮ್ಮೆಲೆ ಯಾಕ ಇಡ್ಬೇಕು? ಹಬ್ಬದ ದಿನ ಒಂದೇ ಹಂಚಿನ ಮ್ಯಾಲೆ ನೂರು ರೊಟ್ಟಿ ಬಡೀತೀವಿ, ನೂರು ರೊಟ್ಟಿ ಹಿಡಿಯೋ ಹಂಚು ಯಾರೂ ತರೋದಿಲ್ಲ. ನಾ ಮಾಡೋದು ಹಿಂಗ: ಕುರಿ ಮಾಂಸ ಬೆಳಗಿನ ಜಾವ ನಾಲ್ಕಕ್ಕ ಇಡ್ತೀನಿ, ರಾನ್ ಮ್ಯಾಲಿನ ಗ್ರಿಲ್, ಮುಂಗಾಲು ಕೆಳಗಿನ ಗ್ರಿಲ್. ಹತ್ತೂವರಿ, ಹನ್ನೊಂದಕ್ಕ ತೆಗೆದು ಫಾಯಿಲ್ ಎರಡು ಸುತ್ತು ಸುತ್ತಿ, ದಪ್ಪ ಟವೆಲ್ಲಿನಾಗ ಇಟ್ಟು, ಐಸ್ ಪೆಟ್ಟಿಗಿಯೊಳಗ ಮುಚ್ಚಿಡ್ತೀನಿ. ಐಸ್ ಹಾಕೋದಲ್ಲ, ಮೊದಲ ಬಿಸಿನೀರು ಹಾಕಿ ಚೆಲ್ಲಿ ಪೆಟ್ಟಿಗಿ ಬೆಚ್ಚಗ ಮಾಡ್ಕೋಬೇಕು. ಎರಡು ಮೂರು ತಾಸು ಕೈ ಸುಡೋವಷ್ಟು ಬಿಸಿ ಇರ್ತದ, ಮಾಂಸ ಮತ್ತಷ್ಟು ಮೆತ್ತಗಾಗ್ತದ. 60 ಡಿಗ್ರಿಗಿಂತ ಕೆಳಗ ಇಳೀಬಾರದು, ಅದಕ್ಕ ಮಾಪಕ ಚುಚ್ಚೇ ಇಡ್ತೀನಿ. ಅಷ್ಟರಾಗ ಸ್ಮೋಕರ್ ಖಾಲಿ ಆಗಿರ್ತದ, ಗಾಳಿ ತೆರೆದು 150, 160ಕ್ಕ ಏರಿಸಿ ಕೋಳಿ ಇಟ್ರ ಒಂದೂವರಿ ತಾಸಿನಾಗ ತಯಾರು. ಕೋಳಿಗೆ ಕಡಿಮಿ ಕಾವು ಆಗಿಬರೋದಿಲ್ಲ, ಚರ್ಮ ರಬ್ಬರ್ ಆಗ್ತದ. ತೊಡಿ ಸಂದಿನಾಗ 74 ಡಿಗ್ರಿ ಆಗ್ಲೇಬೇಕು.

ಮತ್ತೊಂದು ಮಾತು, ಗಂಡಸರು ಯಾರೂ ಹೇಳಲಿಲ್ಲ. ನಮ್ಮತ್ತಿ ಮಾಂಸ ಮುಟ್ಟೋದಿಲ್ಲ. ಮಾಂಸ ಬೆಂದ ಗ್ರಿಲ್ ಮ್ಯಾಲೆ ಅವರಿಗೆ ಏನೂ ಮಾಡಂಗಿಲ್ಲ. ಅವರಿಗಂತ 37 ಅಗಲದ್ದು ಒಂದು ಬ್ಯಾರೆ ಮಾಡ್ಸೀವಿ. ಬದನಿಕಾಯಿ ಇಡೀ ಇಟ್ಟು ಮುಕ್ಕಾಲು ತಾಸು ಹೊಗಿ ಕೊಟ್ಟು, ಸಿಪ್ಪಿ ತೆಗೆದು ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಶೇಂಗಾಪುಡಿ ಹಾಕಿ ಕಲಸಿದ್ರ ಅತ್ತಿ ಎರಡು ರೊಟ್ಟಿ ಜಾಸ್ತಿ ಉಣ್ತಾರ. ಒಂದು ದೊಡ್ಡದಕ್ಕಿಂತ ಒಂದು ಮಧ್ಯಮ, ಒಂದು ಸಣ್ಣದು ನಮ್ಮಂಥ ಮನಿಗೆ ಹೊಂದ್ತದ.

ಸಂಡೂರು ಬೆಟ್ಟ
ಮಂಗಳವಾರ, ಸಂಜೆ 6.30

ಅಕ್ಕನ ಹಂಚಿನ ಮಾತು ಒಪ್ಪಿದೆ. ಆದ್ರೂ ಬ್ಯಾರಲ್ ಪರವಾಗಿ ಒಂದು ಮಾತು ಹೇಳ್ತೀನಿ, ಯಾಕಂದ್ರೆ ಅದರ ಶಕ್ತಿ ಗ್ರಿಲ್ ಅಗಲದಲ್ಲಿಲ್ಲ, ಎತ್ತರದಲ್ಲಿದೆ. ಮೇಲೆ ಎರಡು ಕಂಬಿ ಅಡ್ಡ ಹಾಕಿ ಕೊಕ್ಕೆಗೆ ತೂಗುಬಿಡಿ. ಕೋಳಿ ಸೀಳಿ ಎರಡು ಮಾಡಿ ತೂಗಿದ್ರೆ ಎಂಟು ಹತ್ತು ಅರ್ಧ ಕೋಳಿ ಸಲೀಸಾಗಿ ಹಿಡಿಯುತ್ತೆ. ನೀರಿನ ಬೋಗುಣಿ ಇಲ್ಲ, ಕೊಬ್ಬು ನೇರ ಕೆಂಡಕ್ಕೆ ತೊಟ್ಟಿಕ್ಕಿ ಅದರ ಹೊಗೆ ಮತ್ತೆ ಮಾಂಸಕ್ಕೇ ಏರುತ್ತೆ. ಆ ರುಚಿ ನೀರು ಇಟ್ಟ ಡಬ್ಬೀಲಿ ಬರಲ್ಲ. ಇದ್ದಲಿನ ತಳದಿಂದ ಗ್ರಿಲ್ಲಿಗೆ ಅರವತ್ತು ಸೆಂ.ಮೀ. ಅಂತರ ಬಿಡಿ, ಅದಕ್ಕಿಂತ ಹತ್ತಿರ ಆದ್ರೆ ಸುಡುತ್ತೆ.

ನಾವು ತಿಂಗಳಿಗೆ ಎರಡು ಸಲ ಹದಿನೈದು ಗೆಳೆಯರು ಸೇರ್ತೀವಿ. ನಮ್ಮ ಲೆಕ್ಕಕ್ಕೆ 57 ಸರಿ.

ಶಕ್ತಿನಗರ ಕೆಂಡ (ರಾಯಚೂರು)
ಮಂಗಳವಾರ, ರಾತ್ರಿ 9.45

ಸಂಡೂರು ಸರ್, ತಿಂಗಳಿಗೆ ಎರಡು ಸಲ ಹದಿನೈದು ಮಂದಿ ಇದ್ರ ನಾನೂ 57 ಅಂತಿದ್ದೆ. ತೂಗು ಹಾಕೋದರ ರುಚಿನೂ ಖರೇ ಅದ.

ಕೌಲ್‌ಬಜಾರ್ ಸರ್‌ಗೆ ಇದ್ದಲಿ ಬುಟ್ಟಿ ಬಗ್ಗೆ ಹೇಳ್ಬೇಕು. ಎಲ್ಲಾರೂ ಗ್ರಿಲ್ ಅಳೀತಾರ, ಬುಟ್ಟಿ ಯಾರೂ ಅಳಿಯೋದಿಲ್ಲ. ಎಷ್ಟು ತಾಸು ಮುಚ್ಚಳ ತೆಗೀದಂಗ ನಡೀತದ ಅನ್ನೋದು ಬುಟ್ಟಿ ಮ್ಯಾಲೆ ಅದ. 35 ಸೆಂ.ಮೀ. ಅಗಲ, 20 ಎತ್ತರದ ಬುಟ್ಟಿ ಅಂದ್ರ 19 ಲೀಟರ್ ಜಾಗ. ನಮ್ಮ ಉಂಡಿ ಇದ್ದಲಿ ಅದರಾಗ ನಾಲ್ಕು ಕೇಜಿ ಹಿಡೀತದ. ತಾಸಿಗೆ 350 ಗ್ರಾಂ ಅಂದ್ರ ಹನ್ನೊಂದು ತಾಸು. ಕುರಿಗೆ ಅಷ್ಟು ಸಾಕಾಗಿ ಉಳೀತದ. ಬುಟ್ಟಿ ತಳಕ್ಕ ಕಾಲು ಕೊಟ್ಟು ಐದಾರು ಸೆಂ.ಮೀ. ಎತ್ತಿಡ್ರಿ, ಬೂದಿ ಕೆಳಗ ಬೀಳ್ಬೇಕು, ಇಲ್ಲಾಂದ್ರ ಗಾಳಿ ಕಟ್ತದ.

ಹಚ್ಚೋ ವಿಧಾನ: ಬುಟ್ಟಿ ತುಂಬ ಹಸಿ ಇದ್ದಲಿ, ಅಂದ್ರ ಹಚ್ಚದ ಇದ್ದಲಿ ತುಂಬ್ರಿ. ನಡುವ ಕುಳಿ ಮಾಡಿ ಒಂದು ಹಿಡಿ ನಿಗಿ ನಿಗಿ ಕೆಂಡ ಸುರೀರಿ. ಬೆಂಕಿ ಒಳಗಿಂದ ಹೊರಗ ಮೆಲ್ಲಗ ಹರಕೋತ ಹೋಗ್ತದ. ಇದಕ್ಕ ಅಲ್ಲಿ ಮಿನಿಯನ್ ಪದ್ಧತಿ ಅಂತಾರ, ಜಿಮ್ ಮಿನಿಯನ್ ಅನ್ನೋವ್ರಿಂದ ಬಂದ ಹೆಸರು.

ಕಟ್ಟಿಗಿ ಬಗ್ಗೆ ನೀವು ಮೊದಲನೇ ದಿನ ಕೇಳದಂಗ ಕೇಳಿದ್ರಿ. ನಿಮ್ಮ ಮೂಗು ಸುಳ್ಳು ಹೇಳಿಲ್ಲ. ಮೆಸ್ಕೀಟ್ ಮತ್ತ ಬಳ್ಳಾರಿ ಜಾಲಿ ಒಂದೇ ಕುಲದ ಗಿಡ, ಎರಡೂ ಪ್ರೊಸೋಪಿಸ್. ನಮ್ಮಲ್ಲಿ ಇದ್ದಲಿ ಸುಡೋದೂ ಬಹಳ ಮಟ್ಟಿಗೆ ಅದರಿಂದಾನೇ. ಅದರ ಗುಣ ತಿಳ್ಕೋರಿ: ಕಾವು ಭಾಳ ಜೋರು, ಹೊತ್ತುವಾಗ ಚಟಚಟ ಅಂತ ಕಿಡಿ ಹಾರಿಸ್ತದ, ಹೊಗಿ ಖಡಕ್. ಇದ್ದಲಿ ಜಾಲಿದಾಗಿದ್ರ ಮ್ಯಾಲೆ ಮತ್ತ ಜಾಲಿ ತುಂಡು ಹಾಕಬ್ಯಾಡ್ರಿ, ಮಾಂಸ ಕಹಿ ಆಗ್ತದ. ಪೇರಲ, ಮಾವಿನ ಒಣ ತುಂಡು ಎರಡು ಸಾಕು. ಬೇವು ಬ್ಯಾಡ. ಹತ್ತಿ ಕಟ್ಟಿಗಿ, ಮೆಣಸಿನ ಕಟ್ಟಿಗಿ ಹೊಲದಾಗ ಪುಕ್ಕಟೆ ಸಿಗ್ತಾವ ಅಂತ ಹಚ್ಚೋಕೆ ತರಬ್ಯಾಡ್ರಿ, ಅವಕ್ಕ ಎಷ್ಟು ಸಲ ಔಷಧ ಹೊಡೆದಿರ್ತಾರ ನಮಗೆಲ್ಲಾ ಗೊತ್ತದ. ಸೀಮೆಎಣ್ಣಿನೂ ಬ್ಯಾಡ, ತೆಂಗಿನ ನಾರು ಸಾಕು. ಬಿಳಿ ದಪ್ಪ ಹೊಗಿ ಹೋಗಿ ಕಂಡೂ ಕಾಣದಂಥ ತಿಳಿ ನೀಲಿ ಹೊಗಿ ಬಂದ ಮ್ಯಾಲೇ ಮಾಂಸ ಇಡ್ರಿ.

ಕೊಪ್ಪಳ ಮಹಡಿಮನಿ
ಬುಧವಾರ, ಬೆಳಿಗ್ಗೆ 9.00

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾವು ಗಂಡ ಹೆಂಡತಿ ಇಬ್ಬರೇ, ಬಾಡಿಗೆ ಮನೆ, ಬಾಲ್ಕನಿ ಐತಿ. 37 ಸಾಕಲ್ಲ?

ತೋರಣಗಲ್ಲು ವೆಲ್ಡಿಂಗ್
ಬುಧವಾರ, ಬೆಳಿಗ್ಗೆ 9.30

ಇಬ್ಬರಿಗೆ 37 ಧಾರಾಳ, ಒಂದು ಕೋಳಿ ಒಂದು ಮುಂಗಾಲು ಆಗುತ್ತೆ. ಆದ್ರೆ ಬಾಲ್ಕನಿಯಲ್ಲಿ ಬೇಡ. ಇದ್ದಲಿನ ಬೆಂಕಿಯಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಕಿಟಕಿಯಿಂದ ಮನೆಯೊಳಗೆ ಬಂದ್ರೂ ಗೊತ್ತಾಗಲ್ಲ. ಮನೆ ಮಾಲೀಕರನ್ನ ಕೇಳಿ ತೆರೆದ ಮಹಡಿ ಮೇಲೆ ಇಡಿ, ಕೆಳಗೆ ಕಡಪ ಕಲ್ಲು ಹಾಕಿ.

ಕೌಲ್‌ಬಜಾರ್ ಹಿತ್ತಲು (ಬಳ್ಳಾರಿ)
ಮೂರು ವಾರದ ನಂತರ, ಭಾನುವಾರ, ಸಂಜೆ 5.20

ಎಲ್ಲರಿಗೂ ನಮಸ್ಕಾರ. 47ನ್ನೇ ಮಾಡಿಸಿದೆ. 2 ಮಿ.ಮೀ. ಶೀಟು, ತೋರಣಗಲ್ಲು ತಮ್ಮ ಹೇಳಿದ ಅಳತೆಗೇ. ಬುಟ್ಟಿ 35ಕ್ಕೆ 20. ಅಳಿಯನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ, ಮೂರು ನಿಪ್ಪಲ್ ನೋಡಿ ತಲೆ ಆಡಿಸಿದ, 57ರ ಮಾತು ಎತ್ತಲಿಲ್ಲ.

ಇವತ್ತು ಮೊದಲನೇ ಅಡುಗೆ. ಒಂದು ಮುಂಗಾಲು, 1 ಕೇಜಿ 400. ಹಿಂದಿನ ರಾತ್ರಿ ಉಪ್ಪು, ಬ್ಯಾಡಗಿ ಖಾರ, ಧನಿಯಾ, ಬೆಳ್ಳುಳ್ಳಿ ಹಚ್ಚಿಟ್ಟಿದ್ದೆ. ಆರೂವರೆಗೆ ಇಟ್ಟೆ. ಶುರುವಿನಲ್ಲೇ ಒಂದು ತಪ್ಪು ಮಾಡಿದೆ, ಹೊಸಬರಿಗೆ ಗೊತ್ತಿರಲಿ ಅಂತ ಬರೀತೀನಿ. ಮೂರೂ ನಿಪ್ಪಲ್ ತೆರೆದಿಟ್ಟು ಕಾವು 120 ಆಗಲಿ ಅಂತ ಕಾದೆ. 120 ಆದ ಮೇಲೆ ಮುಚ್ಚಿದ್ರೆ ಅದು ನಿಲ್ಲಲಿಲ್ಲ, 155ಕ್ಕೆ ಹೋಯ್ತು. ಇಳಿಸೋಕೆ ಮುಕ್ಕಾಲು ಗಂಟೆ ಹಿಡೀತು. ಹೊತ್ತಿದ ಇದ್ದಲು ಹೊತ್ತಿದ್ದೇ, ಗಾಳಿ ಕಟ್ಟಿದ ಕೂಡಲೇ ಆರಲ್ಲ. 95ಕ್ಕೇ ಎರಡು ಕ್ಯಾಪ್ ಹಾಕಬೇಕಿತ್ತು. ಬೋಗುಣಿಗೆ ಬಿಸಿನೀರು ಹಾಕಿದ ಮೇಲೆ ನೆಟ್ಟಗಾಯ್ತು. ಆಮೇಲೆ ಬಾಲ್ ವಾಲ್ವ್ ಅರ್ಧ ಒಂದೇ ತೆರೆದು ನಾಲ್ಕು ಗಂಟೆ 115, 118ರಲ್ಲೇ ನಿಂತಿತ್ತು. ಬಿಸಿಲು ಏರಿದಾಗ ಅದನ್ನೂ ಸ್ವಲ್ಪ ಕಟ್ಟಬೇಕಾಯ್ತು.

ಹತ್ತು ಗಂಟೆ ಸುಮಾರಿಗೆ ಮಾಂಸದ ಒಳಗಿನ ಕಾವು 70ರಲ್ಲಿ ನಿಂತುಬಿಟ್ಟಿತು. ಒಂದು ಗಂಟೆ ಅಲ್ಲಾಡಲಿಲ್ಲ. ಬೆಂಕಿ ಆರಿತೇನೋ ಅಂತ ಗಾಬರಿಯಾಗಿ ಅಳಿಯನಿಗೆ ಅವರ ರಾತ್ರಿ ಹೊತ್ತಲ್ಲಿ ಫೋನ್ ಮಾಡಿದೆ. ಮಾಂಸ ಬೆವರುತ್ತೆ ಮಾವಾ, ಆ ಬೆವರು ಆರುವಾಗ ತಂಪಾಗುತ್ತೆ, ಕೊಟ್ಟ ಕಾವಿಗೂ ಅದಕ್ಕೂ ಸರಿಸಮ ಆಗಿ ನಿಂತಿರುತ್ತೆ, ಮುಟ್ಟಬೇಡಿ ಅಂದ. ಮುಟ್ಟಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ 93 ಆಯ್ತು, ಎಲುಬು ಕೈಯಲ್ಲಿ ಹಿಡಿದು ಎಳೆದ್ರೆ ಕಳಚಿ ಬಂತು.

ಮನೆಯವಳು ಜೋಳದ ರೊಟ್ಟಿ ಬಡಿದಿದ್ಳು. ಮಾಂಸ ಬಿಡಿಸಿ, ಉಳ್ಳಾಗಡ್ಡಿ, ನಿಂಬೆಹಣ್ಣು ಹಿಂಡಿ ತಿಂದ್ವಿ. ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ ನೋಡಿ ಬೆಂದಿಲ್ಲ ಅಂದ್ಕೊಂಡಿದ್ಳು. ಹೊಗೆಯಿಂದ ಬರೋ ಬಣ್ಣ ಅದು ಅಂತ ಹೇಳಿದ ಮೇಲೆ ಬಾಯಿಗಿಟ್ಟಳು. "ನಮ್ಮೂರ ಹಳೇ ಮನೆ ವಾಸನೆ ಐತೆ ಇದ್ರಾಗೆ" ಅಂದಳು.

ಇದ್ದಲಿನ ತೂಕದ ಲೆಕ್ಕ: ಮೂರು ಕೇಜಿ ಹಾಕಿದ್ದೆ. ಊಟ ಆದ ಮೇಲೆ ಎಲ್ಲ ಗಾಳಿ ದಾರಿ ಮುಚ್ಚಿದ್ದೆ, ಈಗ ತಣ್ಣಗಾದ ಮೇಲೆ ತೂಗಿದೆ, 900 ಗ್ರಾಂ ಉಳಿದಿದೆ. ಮುಂದಿನ ವಾರಕ್ಕೆ ಬಂತು.

ಶಕ್ತಿನಗರ ಕೆಂಡ (ರಾಯಚೂರು)
ಭಾನುವಾರ, ಸಂಜೆ 6.00

ಆರೂವರಿ ತಾಸಿಗೆ ಎರಡು ಕೇಜಿ ನೂರು ಗ್ರಾಂ. ತಾಸಿಗೆ 320ರ ಹತ್ತಿರ. ಡಬ್ಬಿ ಚೊಲೋ ಮುಚ್ಚಿಕೊಳ್ತದ ಸರ್, ಮಾಡಿಕೊಟ್ಟವ್ರ ಕೈ ಛಲೋ ಅದ.

ಕುಷ್ಟಗಿ ಕುರಿಮನಿ (ಕೊಪ್ಪಳ)
ಭಾನುವಾರ, ಸಂಜೆ 6.15

ಎರಡು ರಾನ್ ಕೂಡ್ತಾವ ಅಂದಿದ್ನಿ. ಅಳದು ನೋಡಿದ್ರೇನ್ರಿ? ನಾನೂ ಬರೇ ಅಂದಾಜಿನ ಮ್ಯಾಲ ಹೇಳಿದ್ದು, ಮನಸಿನಾಗ ಉಳಕೊಂಡೈತಿ.

ಕೌಲ್‌ಬಜಾರ್ ಹಿತ್ತಲು (ಬಳ್ಳಾರಿ)
ಮುಂದಿನ ಶನಿವಾರ, ರಾತ್ರಿ 8.40

ನಾಳೆ ತಮ್ಮನ ಮನೆಯವರು ಬರ್ತಾರೆ, ಹನ್ನೆರಡು ಜನ. ಈಗಷ್ಟೇ ಎರಡು ರಾನ್ ತಂದೆ, ಒಂದು 2 ಕೇಜಿ 100, ಇನ್ನೊಂದು 1 ಕೇಜಿ 900. ಹಚ್ಚದ ಸ್ಮೋಕರಿನಲ್ಲಿ ತಲೆಬಾಲ ತಿರುಗಿಸಿ ಇಟ್ಟು ನೋಡಿದೆ. ಮುಚ್ಚಳ ಕೂತಿತು. ಅಂಚಿಗೆ ಒಂದು ಬೆರಳಷ್ಟು ಜಾಗ ಉಳಿದಿದೆ.